ನಮ್ಮ ಬಡಾವಣೆಯ ನೀರಿನ ನಕ್ಷೆ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಕೊನೆಗೂ ನಕ್ಷೆ ಮುಗಿಯಿತು. ಕೋಲಾರದ ನಮ್ಮ ಬಡಾವಣೆಗೆ ಮಳೆನೀರು ಎಲ್ಲಿಂದ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಲ್ಲವೂ ಅದರಲ್ಲಿದೆ. ಎರಡು ಮಳೆಗಾಲ ಜೊತೆಗೆ ನೆಂದವರಿಗೆ ಅದು ಹೇಗಾಯಿತು ಅಂತ ಮತ್ತೆ ಹೇಳಬೇಕಿಲ್ಲ.

ಗೋಡೆ ಮೇಲೆ ಅಳತೆ ಗೀಟು ಹಾಕಲು ಬಿಟ್ಟ ಮನೆಯವರು, ಮಳೆ ಬಂದಾಗಲೆಲ್ಲ ಫೋಟೊ ಕಳಿಸಿದ ಅಂಗಡಿಯವರು, ಹಳೇ ಗ್ರಾಮನಕ್ಷೆ ಓದಲು ಕಲಿಸಿದ ಸರ್ವೇಯರ್ ಸಾರ್, ಎಲ್ಲರಿಗೂ ಒಂದೇ ಸಾಲಿನಲ್ಲಿ ಥ್ಯಾಂಕ್ಸ್. ಬೇಜಾರಾಗಬೇಡಿ. ಬಾಟಲಿ ಕತ್ತರಿಸಿ ಮಳೆ ಅಳೆದ ಹೈಸ್ಕೂಲ್ ಮಕ್ಕಳಿಗೆ ಇನ್ನೊಂದು ಸಾಲು ಜಾಸ್ತಿ. 30x40 ಅಡಿ ಸೈಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 11 ಸಾವಿರ ಲೀಟರ್ ನೀರು ಅಂತ ಅವರು ಲೆಕ್ಕ ಹಾಕಿದ ಮೇಲೇ ನಮಗೆ ಭಯ ಹುಟ್ಟಿದ್ದು. ನಾವು ದುಡ್ಡು ಕೊಟ್ಟು ತರಿಸುವ ಟ್ಯಾಂಕರ್ ಎರಡು ಆಯಿತಲ್ವಾ!

ಉಳಿದದ್ದೆಲ್ಲ ನೀರುಗಂಟಿ ತಾತನಿಗೆ.

ಕೆರೆ ತೂಬು ತೆಗೆದು, ಅಚ್ಚುಕಟ್ಟಿಗೆ ನೀರು ಹಂಚುತ್ತಿದ್ದ ಮನೆತನ ಅವರದು. ಮೊದಲ ದಿನ ನಾವು ಲ್ಯಾಪ್‌ಟಾಪಿನಲ್ಲಿ ಉಪಗ್ರಹದ ಚಿತ್ರ ತೋರಿಸಿದೆವು. "ಇದರಲ್ಲಿ ಇಳಿಜಾರು ಎಲ್ಲಪ್ಪಾ?" ಅಂದರು. ಆಮೇಲೆ ಚಪ್ಪಲಿ ಬಿಟ್ಟು ಬೀದಿಯುದ್ದಕ್ಕೂ ನಡೆದು ತೋರಿಸಿದರು. ಮೇಲಿನ ಕೆರೆ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ ಹೋಗಲೇಬೇಕು, ಕಾಲುವೆ ಮುಚ್ಚಿದರೆ ನಿಮ್ಮ ಅಡುಗೆಮನೆಯಿಂದ ಹೋಗುತ್ತದೆ, ಅಷ್ಟೇ.

2021ರ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ ನಾನೂ ಸೆಲ್ಫಿ ತೆಗೆಯಲು ಹೋದವನೇ. ಸಾವಿರಾರು ಅಡಿ ಬೋರ್‌ವೆಲ್ ಕೊರೆದ ಊರಲ್ಲಿ ಮಳೆಯನ್ನು ಬೈಯಲು ಯಾರಿಗೆ ಬಾಯಿ ಬರುತ್ತದೆ? ವಾಪಸ್ ಬಂದರೆ ಮನೆಯೊಳಗೆ ಮೊಣಕಾಲುದ್ದ ನೀರು. ಅಮ್ಮ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಎಷ್ಟು ಹೊತ್ತು ಕೂಗಿದ್ದಳೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ.

ಕಳೆದ ವರ್ಷ ಮಳೆಯಲ್ಲಿ ನೀರು ಅಳೆಯಲು ನಿಂತ ಒಂದು ರಾತ್ರಿ, ಉಳಿದವರೆಲ್ಲ ಮನೆ ಸೇರಿದರೂ ತಾತ ನನ್ನ ಜೊತೆ ಬೆಳಗಿನವರೆಗೂ ನಿಂತರು. ತಲೆ ಮೇಲೆ ಗೋಣಿಚೀಲ, ಬಾಯಲ್ಲಿ ಟಾರ್ಚು. ಅರ್ಧ ಗಂಟೆಗೊಂದು ಗೀಟು. ಎರಡು ಗಂಟೆ ಹೊತ್ತಿಗೆ ಮೆಲ್ಲಗೆ ಹೇಳಿದರು: "ನಿನ್ನ ಕಾಂಪೌಂಡೇ ಕಾಲುವೆ ಮೇಲಿದೆ ಕಣಪ್ಪಾ." ಒತ್ತುವರಿ ಅಂತ ಪ್ರತಿ ಸಭೆಯಲ್ಲೂ ಬೇರೆಯವರನ್ನು ಬೈದವನು ನಾನು! ನಿಮಗೇನು ಗೊತ್ತು ಅಂತ ಕೂಗಾಡಿದೆ. ಅವರು ಏನೂ ಅನ್ನಲಿಲ್ಲ. ಇನ್ನೊಂದು ಗೀಟು ಎಳೆದರು.

ಮೊದಲ ದಿನ ನಡೆದಾಗಲೇ ಅವರಿಗೆ ಗೊತ್ತಿತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡಲಿಲ್ಲ. ಆಮೇಲೆ ಗ್ರಾಮನಕ್ಷೆ ಇಟ್ಟು ನೋಡಿದರೆ, ಕಾಲುವೆಯ ನೀಲಿ ಗೆರೆ ನಮ್ಮ ಗೇಟಿನ ಪಕ್ಕದಲ್ಲೇ ಒಳಗೆ ಬಂದಿದೆ.

ಹೋದ ವಾರ ಗೋಡೆಯಲ್ಲಿ ಮೂರಡಿ ಒಡೆಸಿದೆ. ತಾತ ಬಂದರು, ಬಗ್ಗಿ ನೋಡಿದರು, "ಸಾಲಲ್ಲ, ಇನ್ನೊಂದು ಮೊಳ" ಅಂದರು. ಮೇಸ್ತ್ರಿ ಭಾನುವಾರ ಬರುತ್ತಾನೆ.