ಸೆಂಟ್ರಿಂಗ್ ಬಿಚ್ಚಿದ ಮೇಲೆ

ಸಂಘದ ಅಕ್ಟೋಬರ್ ಪ್ರವಾಸದಲ್ಲಿ, ಸ್ವಿಟ್ಜರ್ಲೆಂಡಿನ ಕೂರ್‌ನಿಂದ ಅರೋಸಾಕ್ಕೆ ಹೋಗುವ ರೈಲಿನಿಂದ ಲಾಂಗ್ವೀಸ್‌ನಲ್ಲಿ ಇಳಿದು ಅಲ್ಲಿನ ಕಾಂಕ್ರೀಟಿನ ರೈಲು ಸೇತುವೆಯ ಬುಡಕ್ಕೆ ನಡೆಯುತ್ತಿದ್ದಾಗ ನನ್ನ ಮಗಳು, "ಅಪ್ಪಾ, ಕಾಂಕ್ರೀಟು ಮೊದಲು ಗಂಜಿಯ ಹಾಗಿರುತ್ತದಲ್ಲ, ಅದನ್ನು ಗಾಳಿಯಲ್ಲಿ ಹೇಗೆ ಸುರಿದರು?" ಎಂದು ಕೇಳಿದಳು. ಈ ಸಂಪಾದಕೀಯವನ್ನು ನಿನ್ನೆಯೇ ಮುಗಿಸಬೇಕಿತ್ತು. ಆ ಪ್ರಶ್ನೆಯ ಹೊರತು ಬೇರೇನೂ ತಲೆಗೆ ಬಾರದ ಕಾರಣ ಅದನ್ನೇ ಬರೆಯುತ್ತಿದ್ದೇನೆ.

1912ರಲ್ಲಿ ಆರಂಭವಾಗಿ 1914ರಲ್ಲಿ ಮುಗಿದ ಈ ಸೇತುವೆ 284 ಮೀಟರ್ ಉದ್ದ, 62 ಮೀಟರ್ ಎತ್ತರವಿದ್ದು, ನಡುವಿನ ಕಮಾನೊಂದೇ ಸುಮಾರು 100 ಮೀಟರ್ ಅಗಲವನ್ನು ದಾಟುತ್ತದೆ. ಅಷ್ಟು ದೊಡ್ಡ ಆರ್‌ಸಿಸಿ (ಒಳಗೆ ಕಬ್ಬಿಣದ ಸರಳು ಇರುವ ಕಾಂಕ್ರೀಟು) ಕಮಾನಿನ ಮೇಲೆ ಅಲ್ಲಿಯವರೆಗೆ ಯಾರೂ ರೈಲು ಓಡಿಸಿರಲಿಲ್ಲ. ಕಟ್ಟಡಕ್ಕೆ ಯೋಗ್ಯವಾದ ಕಲ್ಲು ಹತ್ತಿರದಲ್ಲಿ ಸಿಗದೆ, ಮರಳು ಮತ್ತು ಜಲ್ಲಿ ಮಾತ್ರ ಅಲ್ಲಿಯೇ ಸಿಗುತ್ತಿದ್ದುದರಿಂದ ಕಾಂಕ್ರೀಟನ್ನು ಆರಿಸಿಕೊಂಡರಂತೆ. ವಿನ್ಯಾಸ ಹರ್ಮನ್ ಶ್ಯುರ್ಶ್ ಅವರದು. ಮಗಳ ಪ್ರಶ್ನೆಗೆ ಉತ್ತರವಾದವರು ರಿಚಾರ್ಡ್ ಕೊರಾಯ್. ಕಮಾನು ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಂತ ಮರದ ಅಟ್ಟಣಿಗೆಯನ್ನು ಕಟ್ಟಿದವರು ಅವರು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸೆಂಟ್ರಿಂಗ್. ಹಾಸನದಲ್ಲಿ ನಮ್ಮ ಮನೆಗೆ ಮೋಲ್ಡ್ ಹಾಕಿದ ದಿನ ಮನೆಯೊಳಗೆ ಸರ್ವೆ ಕಂಬಗಳ ತೋಪೇ ಎದ್ದಿತ್ತು. ಬಾಂಡ್ಲಿಗಳು ಕೈಯಿಂದ ಕೈಗೆ ಏರುತ್ತಿದ್ದವು, ಅಪ್ಪ ಮೋಡ ನೋಡುತ್ತಿದ್ದರು, ಅಮ್ಮ ಕೆಲಸದವರಿಗೆಲ್ಲ ಪಾಯಸದ ಊಟ ಬಡಿಸಿದ್ದಳು. ಮರುದಿನದಿಂದ ಮೂರು ವಾರ, ಚಾವಣಿಯ ಮೇಲೆ ಕಟ್ಟಿದ ಪಾತಿಗಳಲ್ಲಿ ನೀರು ಬತ್ತದಂತೆ ನೋಡಿಕೊಳ್ಳುವುದು ನನ್ನ ಮತ್ತು ತಮ್ಮನ ಪಾಲಿನ ಕೆಲಸ. ಶಾಲೆಯಿಂದ ಬಂದೊಡನೆ ಕೊಡ ಹಿಡಿದು ಹತ್ತಬೇಕಿತ್ತು. ಕಂಬ ಬಿಚ್ಚುವ ದಿನ ನಮ್ಮನ್ನು ಪಕ್ಕದ ಮನೆಗೆ ಅಟ್ಟಿದರು. ಮೇಸ್ತ್ರಿ ಮಾತ್ರ ಬೀಡಿ ಕಚ್ಚಿಕೊಂಡು ಚಾವಣಿಯ ಅಡಿಯಲ್ಲೇ ನಿಂತು, ಕೊನೆಯ ಕಂಬಕ್ಕೆ ಸುತ್ತಿಗೆಯಿಂದ ಹೊಡೆದ ಸದ್ದು ಬೇಲಿಯಾಚೆಗೂ ಕೇಳಿಸಿತು. ಹತ್ತಡಿಯ ಚಾವಣಿಗೆ ಅಷ್ಟು ಎದೆಬಡಿತವಾದರೆ, 62 ಮೀಟರ್ ಆಳದ ಕಣಿವೆಯಲ್ಲಿ ಆ ದಿನ ಹೇಗಿದ್ದಿರಬೇಕು!

ಸಕಲೇಶಪುರದ ಘಾಟಿಯಲ್ಲಿ ಬ್ರಾಡ್‌ಗೇಜ್ ಬರುವ ಮೊದಲು ಓಡಾಡಿದ್ದವರಿಗೆ ಅರೋಸಾ ದಾರಿಯ ಈ ಮೀಟರ್‌ಗೇಜ್ ಹಳಿಯ ಅಗಲ ಪರಿಚಿತವೆನಿಸೀತು. ಏರು ಮಾತ್ರ ಪರಿಚಿತವಲ್ಲ. ಅಲ್ಲಿ 50 ಮೀಟರಿಗೆ ಒಂದು ಮೀಟರ್, ಇಲ್ಲಿ ಹಲ್ಲುಹಳಿಯ (ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಏರುವ ಹಳಿ) ನೆರವಿಲ್ಲದೆ 100ಕ್ಕೆ ಆರು.

ರಾಜ್ಯೋತ್ಸವ ಮತ್ತು ದೀಪಾವಳಿ ಎರಡೂ ನವೆಂಬರ್ ಎರಡನೆಯ ಶನಿವಾರ, ಮಧ್ಯಾಹ್ನ ಮೂರಕ್ಕೆ, ಎಂದಿನ ಸಭಾಂಗಣದಲ್ಲಿ. ಹೋಳಿಗೆ ಊಟಕ್ಕೆ ಹೆಸರು ಕೊಡಲು ಈ ಭಾನುವಾರ ಕಡೆಯ ದಿನ. ಮಕ್ಕಳ ಕನ್ನಡ ತರಗತಿ ಅಂದು ಇರುವುದಿಲ್ಲ. ವೇದಿಕೆ ಕಟ್ಟಲು ಒಂಬತ್ತು ಜನ ಮುಂದೆ ಬಂದಿದ್ದಾರೆ, ಬಿಚ್ಚಲು ಇದುವರೆಗೆ ಇಬ್ಬರೇ, ಅವರಲ್ಲಿ ನಾನೊಬ್ಬ. ಪುಟವಿನ್ಯಾಸ ಬಲ್ಲವರೊಬ್ಬರು ಮುಂದಿನ ಸಂಚಿಕೆಗಾದರೂ ಜೊತೆಯಾದರೆ ಉಪಕಾರವಾಗುತ್ತದೆ. ಸೇತುವೆಯನ್ನು ಕೆಳಗಿನಿಂದ ತೆಗೆದ ಒಳ್ಳೆಯ ಚಿತ್ರ ಯಾರಲ್ಲಾದರೂ ಇದ್ದರೆ ಇಂದು ರಾತ್ರಿಯೊಳಗೆ ಕಳುಹಿಸಿ. ನಾನು ತೆಗೆದವುಗಳಲ್ಲಿ ಮಕ್ಕಳ ಟೋಪಿಗಳೇ ತುಂಬಿವೆ.