ಸಿಮ್ಯುಲೇಶನ್ ಪ್ರಾಜೆಕ್ಟ್‌ಗೂ ಒಂದು ಪುಟದ ಲೆಕ್ಕ ಇರಲಿ

ಮಾನ್ಯರೇ,

ಕೊಣಾಜೆಯಿಂದ ಮಣಿಪಾಲದವರೆಗೆ ಫಾರ್ಮಸಿ, ಬಯೋಟೆಕ್ನಾಲಜಿ ಓದುವವರ ಪ್ರಾಜೆಕ್ಟ್‌ಗಳಲ್ಲಿ ಡಾಕಿಂಗ್ (ಔಷಧದ ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆಂದು ಕಂಪ್ಯೂಟರಿನಲ್ಲಿ ನೋಡುವುದು), ಅದರ ಬೆನ್ನಿಗೆ ಅಣುಗಳ ಚಲನೆಯ 100 ನ್ಯಾನೊಸೆಕೆಂಡ್‌ನ ಸಿಮ್ಯುಲೇಶನ್ ಈಗ ಮಾಮೂಲಾಗಿದೆ. ವೈವಾದಲ್ಲಿ ಬಣ್ಣಬಣ್ಣದ ಪ್ರೋಟೀನ್ ಚಿತ್ರ, ಒಂದು ಆರ್‌ಎಂಎಸ್‌ಡಿ (ರಚನೆ ಮೊದಲಿನಿಂದ ಎಷ್ಟು ಸರಿದಿದೆ ಎಂಬ) ಗ್ರಾಫ್ ತೋರಿಸಿದರೆ ಮಾತು ಮುಗಿಯಿತು. ಆರ್‌ಟಿಸಿ ಕೇಳದೆ ಮನೆಯ ಪೇಂಟ್ ನೋಡಿ ಅಡ್ವಾನ್ಸ್ ಕೊಟ್ಟ ಹಾಗೆ. ಅಣುರಚನೆ ಮತ್ತು ಟ್ರಾಜೆಕ್ಟರಿಯ (ಸಿಮ್ಯುಲೇಶನ್‌ನಲ್ಲಿ ಪರಮಾಣುಗಳು ಚಲಿಸಿದ ದಾಖಲೆಯ) ಸಾರಾಂಶ ತೆಗೆದುಕೊಡುವ ಉಚಿತ ಸಾಫ್ಟ್‌ವೇರ್‌ಗಳಿವೆ. ಅವುಗಳ ಔಟ್‌ಪುಟ್ ಒಂದು ಪುಟದಷ್ಟಾದರೂ ಪ್ರಬಂಧದ ಅನುಬಂಧದಲ್ಲಿ ಇರಲೇಬೇಕೆಂಬ ನಿಯಮ ಬರಬೇಕು.

ಆ ಪುಟದಿಂದ ಏನು ತಿಳಿಯುತ್ತದೆ? ಎಲ್ಲರೂ ಅಭ್ಯಾಸಕ್ಕೆ ಬಳಸುವ 1ಎಚ್‌ಎಸ್‌ಜಿ ಪಿಡಿಬಿ (ಅಣುವಿನ ಪರಮಾಣುಗಳ ಸ್ಥಾನ ಬರೆದಿಟ್ಟ) ಫೈಲನ್ನೇ ತೆಗೆದುಕೊಳ್ಳಿ. ಎಚ್‌ಐವಿ ಪ್ರೋಟಿಯೇಸ್, ಜೊತೆಗೆ ಇಂಡಿನಾವಿರ್ ಔಷಧ. ಆರ್ ಭಾಷೆಯ ಬಯೋ3ಡಿ ಪ್ಯಾಕೇಜ್‌ನಲ್ಲಿ ಓದಿಸಿದರೆ ನಾಲ್ಕೈದು ಸಾಲು ಬರುತ್ತದೆ: ಒಟ್ಟು 1686 ಪರಮಾಣು, ಎ ಮತ್ತು ಬಿ ಎರಡು ಚೈನ್ (ಪ್ರೋಟೀನಿನ ಸರಪಳಿ), ಪ್ರೋಟೀನಿನವು 1514, ರೆಸಿಡ್ಯೂ (ಸರಪಳಿಯ ಅಮೈನೋ ಆಮ್ಲದ ಘಟಕ) 198, ಉಳಿದವು 172, ಅದರಲ್ಲಿ ನೀರು 127, ಲಿಗ್ಯಾಂಡ್ (ಪ್ರೋಟೀನಿಗೆ ಅಂಟಿದ ಅಣು, ಇಲ್ಲಿ ಇಂಡಿನಾವಿರ್) ಒಂದು. 172ರಲ್ಲಿ 127 ಕಳೆದರೆ 45. ಇಂಡಿನಾವಿರ್‌ನಲ್ಲಿ ಕಾರ್ಬನ್ 36, ನೈಟ್ರೋಜನ್ 5, ಆಕ್ಸಿಜನ್ 4, ಅಂದರೆ ಅದೇ 45. ಲೆಕ್ಕ ತಾಳೆಯಾಯಿತು, ಆದರೆ ಅದರ 47 ಹೈಡ್ರೋಜನ್ ಫೈಲಿನಲ್ಲಿ ಇಲ್ಲವೆಂಬುದೂ ಅದೇ ಲೆಕ್ಕದಲ್ಲಿ ಬಯಲಾಯಿತು. ಹೈಡ್ರೋಜನ್ ಸೇರಿ ಎಲ್ಲ ಪರಮಾಣುಗಳ ನಡುವಿನ ಬಲ ಲೆಕ್ಕ ಹಾಕುವ ಆಲ್-ಆಟಮ್ ಫೋರ್ಸ್‌ಫೀಲ್ಡ್‌ನಲ್ಲಿ ಸಿಮ್ಯುಲೇಶನ್‌ಗೆ ಹೋಗುವ ಹೊತ್ತಿಗೆ ತಟಸ್ಥ ಇಂಡಿನಾವಿರ್ 92 ಪರಮಾಣು ಆಗಿರಬೇಕು. ಆಗಲೂ 45 ಎಂದೇ ಇದ್ದರೆ ಮುಂದಿನ 100 ನ್ಯಾನೊಸೆಕೆಂಡ್ ದಂಡ. ಚೈನ್ ಒಂದೇ ಕಂಡರೆ ಇನ್ನೂ ಕಷ್ಟ, ಏಕೆಂದರೆ ಈ ಕಿಣ್ವ ಕೆಲಸ ಮಾಡುವುದೇ ಎರಡು ಚೈನ್ ಕೂಡಿದಾಗ. ಬೇರೆ ಪ್ರೋಟೀನ್‌ಗಳಲ್ಲಿ ಪಿಡಿಬಿ ಫೈಲಿನ ರಿಮಾರ್ಕ್ 465 ಸಾಲುಗಳನ್ನೂ ನೋಡಬೇಕು, ಎಕ್ಸ್‌ರೇಯಲ್ಲಿ ಕಾಣದೇ ಹೋದ ರೆಸಿಡ್ಯೂಗಳ ಪಟ್ಟಿ ಅಲ್ಲಿರುತ್ತದೆ.

ಟ್ರಾಜೆಕ್ಟರಿಯ ಗೊಂದಲ ಇದಕ್ಕಿಂತ ದೊಡ್ಡದು. 2 ಫೆಮ್ಟೊಸೆಕೆಂಡ್ ಹೆಜ್ಜೆಯಲ್ಲಿ 100 ನ್ಯಾನೊಸೆಕೆಂಡ್ ಎಂದರೆ 5 ಕೋಟಿ ಹೆಜ್ಜೆ. ಪ್ರತಿ 10 ಪಿಕೊಸೆಕೆಂಡ್‌ಗೆ ಒಂದರಂತೆ ಉಳಿಸಿದರೆ ಸೊನ್ನೆಯದೂ ಸೇರಿ 10,001 ಫ್ರೇಮ್ (ಆಯಾ ಕ್ಷಣದ ಪರಮಾಣುಗಳ ಸ್ಥಾನ) ಸಿಗಬೇಕು. ಗ್ರೋಮ್ಯಾಕ್ಸ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್ ಬಳಸುವವರಿಗೆ ‘ಜಿಎಂಎಕ್ಸ್ ಚೆಕ್’ ಎಂಬ ಒಂದೇ ಕಮಾಂಡ್ ಫ್ರೇಮ್ ಎಷ್ಟು, ನಡುವಿನ ಅಂತರ ಎಷ್ಟು ಎಂದು ಹೇಳಿಬಿಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ರನ್ ಅರ್ಧಕ್ಕೆ ನಿಂತರೆ ಚೆಕ್‌ಪಾಯಿಂಟ್ ಫೈಲಿನಿಂದ ಮುಂದುವರಿಸಬೇಕು. ತಾನಾಗಿಯೇ ಅದು 15 ನಿಮಿಷಕ್ಕೊಮ್ಮೆ ಉಳಿಯುತ್ತದೆ. ಹಾಗೆ ಮಾಡದೆ ಹೊಸದಾಗಿ ಓಡಿಸಿ ತುಂಡುಗಳನ್ನು ಅಂಟಿಸಿದರೆ ಸಮಯ ಮತ್ತೆ ಸೊನ್ನೆಯಿಂದ ಶುರುವಾಗಿರುತ್ತದೆ. ಗ್ರಾಫ್ ಚೆಂದವೇ ಬರುತ್ತದೆ, ಅದೇ ತೊಂದರೆ.

ಟ್ರಾಜೆಕ್ಟರಿ ಉಳಿಸುವ ಎಕ್ಸ್‌ಟಿಸಿ ಫೈಲಿನಲ್ಲಿ ಪರಮಾಣುಗಳ ಹೆಸರೇ ಇರುವುದಿಲ್ಲ, ಸ್ಥಾನ ಮಾತ್ರ. ಪರಮಾಣುಗಳ ಹೆಸರು, ಬಂಧಗಳ ಪಟ್ಟಿಯಿರುವ ಟೋಪಾಲಜಿಯೊಂದಿಗೆ ಅವುಗಳ ಸಂಖ್ಯೆ ಹೊಂದದಿದ್ದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಎರರ್ ಕೊಡುತ್ತದೆ. ಸಂಖ್ಯೆ ಹೊಂದಿ ಕ್ರಮ ಮಾತ್ರ ಬೇರೆಯಿದ್ದರೆ ತುಟಿಪಿಟಕ್ಕೆನ್ನುವುದಿಲ್ಲ. ಮೊದಲ ಫ್ರೇಮಿನಲ್ಲಿ ಬಂಧಗಳ ಉದ್ದ ನೋಡಿದರೆ ಸಿಕ್ಕಿಬೀಳುತ್ತದೆ.

ಪ್ರೋಟೀನ್, ನೀರು ಎಲ್ಲ ತುಂಬಿದ ಸಿಮ್ಯುಲೇಶನ್ ಪೆಟ್ಟಿಗೆಯ ಅಳತೆಯೂ ಪುಟದಲ್ಲಿರಲಿ. ಒಂದೇ ಫ್ರೇಮಿನಲ್ಲಿ, ಅಂದರೆ 10 ಪಿಕೊಸೆಕೆಂಡ್‌ನಲ್ಲಿ, ಲಿಗ್ಯಾಂಡ್ ಪೆಟ್ಟಿಗೆಯ ಉದ್ದದಷ್ಟು ದೂರ ಹಾರಿದರೆ ಅದು ಪಾಕೆಟ್ (ಪ್ರೋಟೀನಿನಲ್ಲಿ ಔಷಧ ಕೂರುವ ಗುಳಿ) ಬಿಟ್ಟು ಹೋಗಿದ್ದಲ್ಲ. ಒಂದು ಗೋಡೆ ದಾಟಿ ಎದುರು ಗೋಡೆಯಿಂದ ಒಳಬಂದದ್ದು. ‘ಔಷಧ ಅಸ್ಥಿರ’ ಎಂಬ ತೀರ್ಮಾನ ಬರೆಯುವ ಮೊದಲು ಮುರಿದ ಅಣುಗಳನ್ನು ಕೂಡಿಸಿ, ಆಮೇಲೆ ನೋಜಂಪ್ (ಗೋಡೆ ದಾಟಿದ ಹಾರಾಟ ಸರಿಪಡಿಸುವುದು), ಆಮೇಲೆ ಮಧ್ಯಕ್ಕೆ ತಂದು, ಕೊನೆಯಲ್ಲಿ ಫಿಟ್ (ಪ್ರತಿ ಫ್ರೇಮನ್ನೂ ತಿರುಗಿಸಿ ಒಂದರ ಮೇಲೊಂದು ಹೊಂದಿಸುವುದು) ಮಾಡಬೇಕು. ಫಿಟ್ ಮೊದಲೇ ಮಾಡಿದರೆ ಅಣುಗಳು ತಿರುಗಿ ಪೆಟ್ಟಿಗೆಯ ದಿಕ್ಕಿಗೆ ಹೊಂದುವುದಿಲ್ಲ, ಮುಂದಿನ ತಿದ್ದುಪಡಿ ಯಾವುದೂ ಸರಿಯಾಗದು. ಅಳತೆಮಾನವನ್ನೂ ಬರೆಯಲಿ: ಗ್ರೋಮ್ಯಾಕ್ಸ್ ಮತ್ತು ವಿಶ್ಲೇಷಣೆಯ ಸಾಫ್ಟ್‌ವೇರ್ ಎಂಡಿಟ್ರಾಜ್ ನ್ಯಾನೊಮೀಟರಿನಲ್ಲಿ, ಅದೇ ಕೆಲಸದ ಎಂಡಿಅನಾಲಿಸಿಸ್ ಆಂಗ್‌ಸ್ಟ್ರಾಮ್‌ನಲ್ಲಿ. ಹತ್ತು ಪಟ್ಟು ವ್ಯತ್ಯಾಸ.

ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ ಎಂಬ ದೂರು ಬರಬಹುದು. 40,000 ಪರಮಾಣುವಿನ 10,001 ಫ್ರೇಮ್ ಒಮ್ಮೆಗೇ ಮೆಮೊರಿಗೆ ತುಂಬಿದರೆ ಸ್ಥಾನಗಳಿಗೇ 4.8 ಜಿಬಿ ಬೇಕು, 8 ಜಿಬಿಯ ಯಂತ್ರ ಏದುಸಿರು ಬಿಡುವುದು ಸಹಜ. ಚೆಕ್ ಕಮಾಂಡ್ ಒಂದೊಂದೇ ಫ್ರೇಮ್ ಓದುವುದರಿಂದ ಆ ಸಮಸ್ಯೆಯಿಲ್ಲ. ವಿಶ್ಲೇಷಣೆಗೆ ನೀರು ತೆಗೆದು, ಹತ್ತಕ್ಕೊಂದು ಫ್ರೇಮ್ ಇಟ್ಟುಕೊಂಡರೆ ಸಾಕು.

ಗೈಡ್ ಸಹಿ ಹಾಕುವ ಮೊದಲು ಈ ಪುಟ ನೋಡಲಿ, ಹೊರಗಿನ ಪರೀಕ್ಷಕರು ವೈವಾದಲ್ಲಿ ಮೊದಲ ಪ್ರಶ್ನೆ ಇದರಿಂದಲೇ ಕೇಳಲಿ: ಪರಮಾಣು ಎಷ್ಟು, ಫ್ರೇಮ್ ಎಷ್ಟು, ಪೆಟ್ಟಿಗೆ ಎಷ್ಟು?

– ಬೋಧಕರು, ದೇರಳಕಟ್ಟೆ, ಮಂಗಳೂರು