ಮಂಡಿ ಸವೆತ: ವಯಸ್ಸೊಂದೇ ಕಾರಣವಲ್ಲ

ಮಾನ್ಯರೇ,

ಮಂಡಿನೋವೆಂದರೆ ‘ವಯಸ್ಸಾಯಿತು, ಸವೆದಿದೆ’ ಎಂದು ಮಾತು ಮುಗಿಸುವ ರೂಢಿಯನ್ನು ಮೃದ್ವಸ್ಥಿಯ (ಕಾರ್ಟಿಲೇಜ್) ಸಂಶೋಧನೆ ಎಂದೋ ಪ್ರಶ್ನಿಸಿದೆ. ಮೂಳೆಯ ತುದಿಯನ್ನು ಹೊದ್ದಿರುವ, ಕೆಲವೇ ಮಿಲಿಮೀಟರ್ ದಪ್ಪದ ಈ ನುಣುಪು ಪದರದಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಹೆಜ್ಜೆಯ ಒತ್ತಡಕ್ಕೆ ನೀರು ಬಿಟ್ಟು, ಒತ್ತಡ ಇಳಿದೊಡನೆ ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ನರವಿಲ್ಲದ್ದರಿಂದಲೇ ಅದು ಹಾಳಾಗುವುದು ಮೊದಮೊದಲು ತಿಳಿಯುವುದಿಲ್ಲ. ಹಾಳಾದದ್ದು ಮರಳಿ ಬಾರದೆಂದು ಬ್ರಿಟನ್ನಿನ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲಿಯೇ ಬರೆದಿದ್ದರು. ರೋಗಿಯದೇ ಮೃದ್ವಸ್ಥಿ ಕೋಶಗಳನ್ನು ಬೆಳೆಸಿ ನಾಟಿ ಮಾಡಿದ ಸ್ವೀಡನ್ ವೈದ್ಯರ ವರದಿ ಪ್ರಕಟವಾದದ್ದು 1994ರಲ್ಲಿ. ಆದರೆ ಅದು ಪೆಟ್ಟಿನಿಂದಾದ ಸಣ್ಣ ಗುಂಡಿಗಳಿಗೆ ಸರಿ; ಅಡಿಮೂಳೆ, ಕೀಲುಪೊರೆಗಳನ್ನೂ ಬಿಡದ ಅಸ್ಥಿಸಂಧಿವಾತದ (ಕೀಲು ಸವೆತದ ಕಾಯಿಲೆಯ) ಮಾತೇ ಬೇರೆ. ಕೀಲು ಬದಲಾವಣೆಯ ಜಾಹೀರಾತುಗಳ ನಡುವೆ ಇಂಥ ಮೂಲ ಸಂಶೋಧನೆಗೂ ತಮ್ಮ ಪತ್ರಿಕೆ ಒಂದಿಷ್ಟು ಜಾಗ ಕೊಡಬೇಕೆಂದು ವಿನಂತಿ.

— ಓರ್ವ ಓದುಗ